ಅಕ್ಕನ ಸಮುದ್ರಕ್ಕೆ ನಾನು ಜೋಡಿ

ನಮ್ಮ ಅಕ್ಕನಿಗೆ ನೆಲದ ಮೇಲೆ ಬದುಕುವುದು ಬೇಸರವಾಗಿದೆ. ನಂಬುವುದಿಲ್ಲವೇ? ಹುಮನಾಬಾದಿಗೆ ಬಂದು ನೋಡಿ! ನರ್ಸ್ ನೌಕರಿಯಿಂದ ನಿವೃತ್ತರಾದವರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಕೂಡುತ್ತಾರೆ. ಇವಳು ಮುರುಡೇಶ್ವರಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ಒಳಗೆ ಇಳಿಯುವುದನ್ನು ಕಲಿತು ಬಂದಳು. ಈಗ ಅಂಡಮಾನಿಗೆ ಹೊರಟಿದ್ದಾಳೆ. ಅಲ್ಲಿ ನಾಲ್ಕೈದು ದಿನ ದಡಕ್ಕೇ ಬರುವಂತಿಲ್ಲ. ಬೋಟಿನಲ್ಲೇ ಊಟ, ಬೋಟಿನಲ್ಲೇ ನಿದ್ದೆ, ಎದ್ದರೆ ನೀರು!

ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟವನು, ಬಸವಕಲ್ಯಾಣದಲ್ಲಿ ಕಿರಾಣಿ ಅಂಗಡಿ ಇಟ್ಟವನು. ನಾನು ಕಂಡ ದೊಡ್ಡ ನೀರೆಂದರೆ ನಮ್ಮೂರ ಕೆರೆ. ಅದನ್ನೂ ದೂರದಿಂದಲೇ.

ನೀರಿನಾಳಕ್ಕೆ ಇಳಿಯಲು ಸೊಂಟಕ್ಕೆ ಭಾರ ಕಟ್ಟಬೇಕಂತೆ. ರೂಢಿಯಾಗಲೆಂದು ಅಕ್ಕ ಅಂಗಡಿಗೆ ಬಂದು ನನ್ನ ತಕ್ಕಡಿಯ ಬಟ್ಟುಗಳನ್ನೇ ಸೆರಗಿನಲ್ಲಿ ಬಿಗಿದುಕೊಂಡಳು. ಅಷ್ಟರಲ್ಲಿ ಗಿರಾಕಿ ಬಂದ.

"ಎರಡ ಕಿಲೋ ಉಳ್ಳಾಗಡ್ಡಿ ಕೊಡ್ರಿ."

"ಜರಾ ತಡೀರಿ, ಎರಡ ಕಿಲೋದ ಬಟ್ಟು ನಮ್ಮಕ್ಕನ ಸೊಂಟದಾಗ ಅದ. ಮಾಳಗಿ ಮ್ಯಾಲ ಅಡ್ಡಾಡಾಕತ್ತಾಳ."

"ಹಂಗಾರ ಅವರನ್ನ ತಕ್ಕಡ್ಯಾಗ ಕೂಡಸ್ರಿ. ಉಳ್ಳಾಗಡ್ಡಿ ಚೀಲಗಟ್ಲೆ ಒಯ್ತೀನಿ!"

ಬೋಟು ಅಲುಗಾಡಿದರೆ ವಾಂತಿಯಾಗುತ್ತದೆ ಎಂದು ಯಾರೋ ಹೆದರಿಸಿದರು. ನೋಡಿಯೇಬಿಡೋಣವೆಂದು ಅಕ್ಕ ಹೊಟ್ಟೆ ತುಂಬ ಶೇಂಗಾ ಹೋಳಿಗೆ ತಿಂದಳು, ನನಗೂ ತಿನ್ನಿಸಿದಳು, ಚಿಟಗುಪ್ಪದ ಮೇಲೆ ಹೋಗುವ ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಕೂಡಿಸಿಕೊಂಡಳು.

"ಎಲ್ಲಿಗಿ ಹೊಂಟೀರಿ ಬಾಯಿ?" ಕಂಡಕ್ಟರ್ ಕೇಳಿದ.

"ಅಂಡಮಾನಕ್ಕ."

"ಇದು ಮನ್ನಾಏಖೇಳ್ಳಿ ಮಟ ಅಷ್ಟ ಹೋಗ್ತದ್ರಿ!"

ಹೋಗಿ ಅದೇ ಬಸ್ಸಿನಲ್ಲಿ ತಿರುಗಿ ಬಂದೆವು. ಅಕ್ಕನಿಗೆ ಏನೂ ಆಗಲಿಲ್ಲ. ಕಿಟಕಿಯಾಚೆ ತಲೆ ಹಾಕಿ ರಸ್ತೆಯುದ್ದಕ್ಕೂ ಹೋಳಿಗೆ ಒಪ್ಪಿಸಿದವನು ನಾನು!

ನನ್ನನ್ನೇಕೆ ಎಳೆದುಕೊಂಡು ಹೋದಳು ಎನ್ನುತ್ತೀರಾ? ಅಲ್ಲೇ ಇರುವುದು ನನ್ನ ತಪ್ಪು. ಸಮುದ್ರಕ್ಕೆ ಒಬ್ಬರೇ ಇಳಿಯುವಂತಿಲ್ಲ, ಜೋಡಿ ಬೇಕು. ಒಬ್ಬರ ಗಾಳಿ ತೀರಿದರೆ ಇನ್ನೊಬ್ಬರು ತಮ್ಮದನ್ನು ಕೊಡಬೇಕು. "ನಾ ಇದ್ದೀನಲ್ಲ ಯಕ್ಕಾ!" ಎಂದು ಎದೆ ತಟ್ಟಿಕೊಂಡುಬಿಟ್ಟಿದ್ದೆ. "ಮೊದಲ ಬಾವ್ಯಾಗ ಈಜು ಕಲಿ, ಆಮ್ಯಾಲ ಮುರುಡೇಶ್ವರ," ಎಂದಳು. ಘಾಟಬೋರಾಳದ ಬೀಗರ ಬಾವಿಗೆ ದಿನಾ ಹೋದೆ. ಒಮ್ಮೆ ಬಗ್ಗಿ ನೋಡಿ ಹಿಂದೆ ಸರಿಯುತ್ತಿದ್ದೆ. ಬೇವಿನ ಕೆಳಗೆ ಒಂದು ನಿದ್ದೆ ತೆಗೆದು, ನಳದಲ್ಲಿ ತಲೆ ತೋಯಿಸಿಕೊಂಡು ಮನೆಗೆ ಬರುತ್ತಿದ್ದೆ.

"ಇವತ್ತ ತಳಾ ಮುಟ್ಟಿದೆ!" ಎಂದು ಫೋನಿನಲ್ಲಿ ಹೇಳಿಯೂಬಿಟ್ಟೆ. ಅಕ್ಕ ಓಣಿಗೆಲ್ಲ ಪೇಡೆ ಹಂಚಿದಳು. ಬೋಟಿನವರು ಬೇರೆ ಜೋಡಿ ಕೊಡುತ್ತೇವೆಂದರೆ, "ಬ್ಯಾಡ್ರಿ, ನಮ್ಮ ತಮ್ಮ ಇದ್ದಾನ" ಎಂದಳು.

ಕಳೆದ ವಾರ ತಾನೇ ಬಾವಿಗೆ ಬಂದು ನಿಂತಳು. "ಹೂಂ, ಜಿಗಿ."

ಅಂಗಿಯ ಗುಂಡಿಯನ್ನು ಎಷ್ಟು ಹೊತ್ತೆಂದು ಬಿಚ್ಚಲಿ? "ಯಕ್ಕಾ... ನಾ ಒಂದಿನಾನೂ ನೀರಿಗಿ ಇಳಿದಿಲ್ಲ. ಎಲ್ಲಾ ಸುಳ್ಳ ಹೇಳೀನಿ."

ಅಕ್ಕನ ಮುಖ ಸಣ್ಣದಾಯಿತು. "ನಿನ್ನ ನಂಬಿ ನಾ ಇಳೀತಿದ್ನಲ್ಲೋ. ನನ್ನ ಗಾಳಿ ತೀರಿದ್ರ ಏನ್ ಮಾಡಾಂವ ಇದ್ದಿ?"

ಅವಳು ಚಪ್ಪಲಿ ಕಳಚಿದಳು. ಬಿತ್ತು ಏಟು ಎಂದು ಕಣ್ಣು ಮುಚ್ಚಿಕೊಂಡೆ. ಅವಳು ಅವನ್ನು ನನ್ನ ಪಕ್ಕದಲ್ಲಿಟ್ಟಳು.

"ನೀರಾಗಿನ ಜೋಡಿ ಬೋಟಿನವರ ಕೊಡ್ತಾರ, ಫೋನ್ ಮಾಡ್ತೀನಿ. ಆದ್ರ ನೀ ಬರೂದು ತಪ್ಪಿಸಬ್ಯಾಡ. ನೀರಿನ ಅಂಜಿಕಿ ನಂಗಿಲ್ಲೋ ತಮ್ಮಾ. ಮ್ಯಾಲ ಬಂದಾಗ ಎಲ್ಲಾರಿಗೂ ಯಾರರ ಇರ್ತಾರ. ನಂಗ ಯಾರೂ ಇರೂದಿಲ್ಲ. ಅಂಜಿಕಿ ಅದರದು."

ಹಾಗೆಂದು ಮೆಟ್ಟಿಲಿಳಿದು ಮುಳುಗಿದಳು. ನಾನು ದಂಡೆಯ ಮೇಲೆ ಕುಳಿತು, ಅವಳು ಮೇಲೆ ಬರುವವರೆಗೂ ನೀರಿನಿಂದ ಕಣ್ಣು ತೆಗೆಯಲಿಲ್ಲ.