ಎರಡು ಒಪ್ಪಿಗೆ

ಆರ್ವೊ ಬರೆದದ್ದನ್ನು ಐದು ವರ್ಷಗಳಲ್ಲಿ ಯಾರೂ ಓದಿರಲಿಲ್ಲ. ತೊಂದರೆ ಶುರುವಾದದ್ದು ಅಲ್ಲಿಂದ.

ಕುವೊಪಿಯೊ ಪಟ್ಟಣದ ವಸತಿ ಕಟ್ಟಡಗಳ ಕೆಳಗೆ ಎಲ್ಲರಿಗೂ ಸೇರಿದ ಒಂದೊಂದು ಸೌನಾ, ಅಂದರೆ ಬಿಸಿಹಬೆಯ ಸ್ನಾನದ ಕೋಣೆ. ಯಾರ ಸರದಿ ಯಾವಾಗ ಎಂದು ನೆನಪಿಟ್ಟುಕೊಂಡು ಹೊತ್ತಿಗೆ ಸರಿಯಾಗಿ ಒಲೆ ಹಚ್ಚುವ ತಂತ್ರಾಂಶವನ್ನು ಮೂವರು ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು: ಆರ್ವೊ, ರೈಮೊ, ಸಿರ್ಕಾ. ಮೂವರು ಎಂದು ಪಟ್ಟಿಯಲ್ಲಿತ್ತು. ಬರೆಯುತ್ತಿದ್ದವನು ಆರ್ವೊ ಒಬ್ಬನೇ. ಉಳಿದಿಬ್ಬರು ಕ್ರಿಸ್‌ಮಸ್‌ಗೆ ಶುಭಾಶಯ ಕಳಿಸುತ್ತಿದ್ದರು.

ಹೋದ ತಿಂಗಳು ಅವನೇ ಒಂದು ನಿಯಮ ತಂದ. ಯಾವ ಬದಲಾವಣೆಯನ್ನೇ ಆಗಲಿ, ಇನ್ನಿಬ್ಬರು ಓದಿ ಒಪ್ಪಿದ ಮೇಲೆಯೇ ಸೇರಿಸಬೇಕು. ತಾನೂ ಮುರಿಯದಂತೆ ಬೀಗ ಹಾಕಿದ. ತಪ್ಪು ತಡೆಯಲು ಎಂದು ಕಾರಣ ಬರೆದ. ಓದಿದವರು ಒಂದು ಮಾತಾದರೂ ಆಡುತ್ತಾರಲ್ಲ ಎಂಬ ಆಸೆಯನ್ನು ಬರೆಯಲಿಲ್ಲ.

ಇಬ್ಬರೂ ನಿಯಮವನ್ನು ಓದದೆಯೇ ಒಪ್ಪಿದರು.

ಮಾರ್ಚ್ ಕೊನೆಯ ಭಾನುವಾರ ಬೇಸಿಗೆಯ ವೇಳೆಗೆ ಹೊಂದಿಸಲೆಂದು ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಮುಂದೆ ಹಾರಿದವು. ಕಾಣೆಯಾದ ಆ ಗಂಟೆಯನ್ನು ಹುಡುಕುತ್ತ ತಂತ್ರಾಂಶ ನಿಂತಲ್ಲೇ ನಿಂತಿತು. ಅದನ್ನು ಸರಿಪಡಿಸುವ ಒಂದು ಸಾಲನ್ನು ಆರ್ವೊ ಹತ್ತು ದಿನ ಮುಂಚೆಯೇ ಬರೆದಿಟ್ಟಿದ್ದ. ಬಸ್ ನಿಲ್ದಾಣದಲ್ಲಿ ಬಿದ್ದ ಒಂಟಿ ಕೈಗವಸಿನ ಹಾಗೆ ಅದು ಒಪ್ಪಿಗೆಗೆ ಕಾಯುತ್ತಿತ್ತು.

ಮಧ್ಯಾಹ್ನ ಮೂರಕ್ಕೆ ಯಾರೋ ಬಾಗಿಲು ಬಡಿದರು. ಕೆಳಮನೆಯ ಹೆಲ್ಲೆವಿ, ಟವೆಲ್ ಸುತ್ತಿಕೊಂಡು. ಹಿಂದೆ ಮೆಟ್ಟಿಲ ಮೇಲೆ ಇನ್ನೂ ನಾಲ್ಕು ಟವೆಲ್‌ಗಳು.

"ಏನಪ್ಪಾ ಆರ್ವೊ, ಒಲೆ ಮುಟ್ಟಿದ್ರೆ ಹೆಣ ಮುಟ್ಟಿದ ಹಾಗಿದೆ!"

"ಸರಿಮಾಡೋದನ್ನ ಬರೆದಿಟ್ಟಿದ್ದೀನಿ. ಇಬ್ಬರು ಒಪ್ಪಬೇಕು."

"ನಾವು ಐದು ಜನ ಇದ್ದೀವಲ್ಲ. ಒಪ್ಪಿದ್ವಿ, ಹಚ್ಚು!"

"ನೀವು ಸದಸ್ಯರಲ್ಲ. ಸದಸ್ಯರಾಗೋಕೂ ಇಬ್ಬರು ಒಪ್ಪಬೇಕು."

"ಯಾವನಯ್ಯ ಈ ದರಿದ್ರ ನಿಯಮ ಮಾಡಿದೋನು?"

ಆರ್ವೊ ತನ್ನ ಕಾಲುಚೀಲ ನೋಡಿಕೊಂಡ.

"ಓಹೋ! ಹಾಗಾದ್ರೆ ತೆಗೆದುಹಾಕು."

"ತೆಗೆಯೋಕೂ ಇಬ್ಬರು..."

ಹೆಲ್ಲೆವಿ ಅವನ ಕೈಗೆ ಫೋನ್ ತುರುಕಿದಳು.

ಆ ಕಡೆ ರೈಮೊ ಹೆಪ್ಪುಗಟ್ಟಿದ ಸರೋವರದ ಮೇಲೆ ತೂತು ಕೊರೆದು ಗಾಳ ಹಾಕಿ ಕೂತಿದ್ದ. "ನಿನ್ನ ಮೇಲೆ ನಂಬಿಕೆ ಇದೆ ಮಾರಾಯ. ನಂಬಿಕೆ ಇದ್ಮೇಲೆ ಓದೋದ್ಯಾಕೆ?"

"ಓದು ರೈಮೊ. ಒಂದೇ ಸಾಲು."

ಗಾಳ ಸುತ್ತುವ ಸದ್ದು ಕೇಳಿಸಿತು. "ಆಯ್ತು. ಮನೆಗೆ ಹೋಗಿ ಏನಾದ್ರೂ ಮಾಡ್ತೀನಿ. ಸಿರ್ಕಾಗೂ ಹೇಳ್ತೀನಿ."

ಟವೆಲ್‌ಗಳೆಲ್ಲ ಆರ್ವೊನ ಅಡುಗೆಮನೆಯಲ್ಲಿ ಕೂತು ಅವನ ಕಾಫಿ ಮುಗಿಸಿದವು, ಏಲಕ್ಕಿ ಬನ್ನುಗಳನ್ನೂ ಮುಗಿಸಿದವು. ಯಾರೋ ನಗೆಚಟಾಕಿ ಹಾರಿಸಿದರು. ಆ ಮನೆಯಲ್ಲಿ ಅಷ್ಟು ಗಲಾಟೆ ಎಂದೂ ಆಗಿರಲಿಲ್ಲ. ಆರ್ವೊ ಕಂಪ್ಯೂಟರ್ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಐದೂವರೆಗೆ ಪರದೆ ಮಿನುಗಿತು. "ತುಂಬ ಗಮನವಿಟ್ಟು ಓದಿದೆ. ಅಚ್ಚುಕಟ್ಟಾದ ಕೆಲಸ, ಆರ್ವೊ. ಒಪ್ಪಿದ್ದೇನೆ." ರೈಮೊ! ಮರುಕ್ಷಣವೇ ಸಿರ್ಕಾ: "ನಿನ್ನ ಯೋಚನೆಯ ರೀತಿ ಇಷ್ಟವಾಯಿತು. ಒಪ್ಪಿದ್ದೇನೆ."

ಕೆಳಗೆ ಒಲೆ ಹೊತ್ತಿಕೊಂಡಿತು. ಟವೆಲ್‌ಗಳು ಕುಣಿದಾಡಿದವು.

"ನೀನೂ ಬಾರೋ, ಜಾಗ ಇದೆ," ಎಂದಳು ಹೆಲ್ಲೆವಿ.

"ನೀವು ನಡೀರಿ. ಒಂದು ಕೆಲಸ ಮುಗಿಸಿ ಬಂದೆ."

ಬಾಗಿಲು ಮುಚ್ಚಿತು. ಆರ್ವೊ ಆ ಎರಡು ಸಂದೇಶಗಳನ್ನು ನಾಲ್ಕು ಸಲ ಓದಿದ. ಧೈರ್ಯ ಬಂತು. ಎರಡು ವರ್ಷದಿಂದ ಯಾರಿಗೂ ತೋರಿಸದೆ ಇದೇ ತಂತ್ರಾಂಶಕ್ಕೆ ಬರೆದಿಟ್ಟಿದ್ದ ಮುನ್ನೂರು ಸಾಲುಗಳನ್ನು ತಿದ್ದಿ ತೀಡಿ, ಏಳು ಗಂಟೆಗೆ ಕಳಿಸಿದ.

ಬೆರಳು ಕೀಲಿಯಿಂದ ಮೇಲೇಳುವ ಮೊದಲೇ ಉತ್ತರ ಬಂತು. "ತುಂಬ ಗಮನವಿಟ್ಟು ಓದಿದೆ. ಅಚ್ಚುಕಟ್ಟಾದ ಕೆಲಸ, ಆರ್ವೊ."

ಜೊತೆಗೇ ಫೋನಿಗೆ ರೈಮೊನ ಸಂದೇಶ: "ಈಗ ಸಮಾಧಾನ ಆಯ್ತಾ? ನೀನು ಏನು ಕಳಿಸಿದ್ರೂ ನಮ್ಮಿಬ್ಬರ ಹೆಸರಲ್ಲಿ ಕಂಪ್ಯೂಟರೇ ಹೊಗಳಿ ಒಪ್ಪಿಬಿಡೋ ಹಾಗೆ ಮಾಡಿಟ್ಟಿದ್ದೀನಿ. ಇನ್ಮೇಲೆ ನಮ್ಮನ್ನ ಕಾಯೋ ತಾಪತ್ರಯ ಇಲ್ಲ."

ಮೆಟ್ಟಿಲ ಮೇಲೆ ಒದ್ದೆ ಚಪ್ಪಲಿಗಳ ಸದ್ದು, ನಗು. ಒಂದೊಂದಾಗಿ ಬಾಗಿಲುಗಳು ಮುಚ್ಚಿಕೊಂಡವು.

ಆರ್ವೊ ಒಂದು ಖಾಲಿ ಸಾಲು ಕಳಿಸಿದ.

"ನಿನ್ನ ಯೋಚನೆಯ ರೀತಿ ಇಷ್ಟವಾಯಿತು," ಎಂದಳು ಸಿರ್ಕಾ.

ಅವನು ಅದನ್ನು ಮತ್ತೊಮ್ಮೆ ಓದಿದ. ಆಮೇಲೆ ಇನ್ನೊಂದು ಖಾಲಿ ಸಾಲು ಕಳಿಸಿದ.