ಚಳಿಯಿಲ್ಲದ ಪ್ರಮಾಣಪತ್ರ

ಧರ್ಮಾಸ್ಪತ್ರೆಯ ಮೂರನೆಯ ವಾರ್ಡಿನಲ್ಲಿ ಚಳಿ ಇದೆ ಎಂಬ ಸಂಗತಿಯನ್ನು ಆಡಳಿತವು ತನ್ನ ಏಳನೆಯ ಸಭೆಯಲ್ಲಿ ತಾತ್ವಿಕವಾಗಿ ಒಪ್ಪಿಕೊಂಡಿತು. ವಾರ್ಡಿನ ಇಪ್ಪತ್ತೆರಡು ಮುದುಕಿಯರು ಇದನ್ನು ಬಹಳ ಮೊದಲೇ ಒಪ್ಪಿಕೊಂಡಿದ್ದರು. ಆದರೆ ಸಭೆಯಲ್ಲಿ ಅವರಿಗೆ ಮತವಿರಲಿಲ್ಲ.

ಕೂಡಲೇ ‘ಬೆಚ್ಚನೆ ಸಮಿತಿ’ ಹುಟ್ಟಿತು. ಕೈಹೊಲಿಗೆಯ ಒಂದು ಕೌದಿ ಮಾಡಿಸುವುದು, ಚೀಟಿ ಮಾರಿ ಅದನ್ನು ಅದೃಷ್ಟವಂತರೊಬ್ಬರಿಗೆ ಬಹುಮಾನವಾಗಿ ಕೊಡುವುದು, ಬಂದ ಹಣದಲ್ಲಿ ವಾರ್ಡಿಗೆ ಕಂಬಳಿ ತರುವುದು ಎಂದು ತೀರ್ಮಾನವಾಯಿತು. ಹೊಲಿಯಲು ಕೌದಿಯಮ್ಮನನ್ನು ಕರೆಸಿದರು. ಊರಿನ ಅರ್ಧ ಚಿಂದಿಗೆ ಮರುಜನ್ಮ ಕೊಟ್ಟ ಕೈ ಅವಳದು. ಅವಳ ಒಡಹುಟ್ಟಿದ ಅಕ್ಕ ಅದೇ ವಾರ್ಡಿನ ಒಂಬತ್ತನೆಯ ಮಂಚದಲ್ಲಿ, ಗಾಜು ಒಡೆದ ಕಿಟಕಿಯ ಪಕ್ಕದಲ್ಲೇ ಮಲಗಿದ್ದಳು.

“ಒಂದು ಮಾತು ಕೇಳ್ಲಾ ಸಾರ್?” ಎಂದಳು ಕೌದಿಯಮ್ಮ, ಸಮಿತಿಯ ಕಾರ್ಯದರ್ಶಿಗೆ. “ಕೌದಿ ಹೊಲಿದು ಸೀದಾ ನಮ್ಮಕ್ಕನಿಗೇ ಹೊದಿಸಿಬಿಟ್ರೆ ಆಗಲ್ವಾ?”

ಕಾರ್ಯದರ್ಶಿ ಪೆನ್ನಿಗೆ ಮುಚ್ಚಳ ಹಾಕಿದರು. “ನೋಡಮ್ಮ, ಹಾಗೆ ಮಾಡಿದ್ರೆ ಅವರಿಗೆ ಬೆಚ್ಚಗಾಗಿಬಿಡುತ್ತೆ. ಆಮೇಲೆ ನಾವು ಯಾವ ಮುಖ ಇಟ್ಕೊಂಡು ಚೀಟಿ ಮಾರೋದು?”

ಕೌದಿಯಮ್ಮನ ನಾಲಿಗೆಯ ತುದಿಗೆ ಒಂದು ಬೈಗುಳ ಬಂತು. ಅವಳು ಅದನ್ನು ಹೊಲಿಗೆಗೆಂದು ಉಳಿಸಿಕೊಂಡಳು.

ಬಟ್ಟೆ ಸಾಲಲಿಲ್ಲ. ನಿಯಮ ನಾಲ್ಕರ ಪ್ರಕಾರ ಬಟ್ಟೆಯನ್ನು ‘ಯೋಜನೆಯಿಂದ ಅತಿ ಹೆಚ್ಚು ಲಾಭ ಪಡೆಯುವವರಿಂದ’ ಸಂಗ್ರಹಿಸಬೇಕಿತ್ತು. ಹಾಗಾಗಿ ವಾರ್ಡಿನ ಇಪ್ಪತ್ತೆರಡು ಸವೆದ ಹೊದಿಕೆಗಳನ್ನು ತಾತ್ಕಾಲಿಕವಾಗಿ ಎತ್ತಿಕೊಂಡು ಹೋದರು. ಅಕ್ಕನದು ನೀಲಿ ಪಟ್ಟೆಯದು.

“ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಜ್ಜಿ,” ಎಂದು ಕಾರ್ಯದರ್ಶಿ ಸಮಾಧಾನ ಹೇಳಿದರು.

“ಹಾಸಿಗೆ ಇದೆ ಕಣಪ್ಪ. ಹೊದಿಕೆ ಕಿತ್ಕೊಂಡು ಹೋಗೋರಿಗೆ ಗಾದೆ ಇದ್ರೆ ಹೇಳು,” ಎಂದಳು ಅಕ್ಕ.

ಹೊದಿಕೆಗಳಲ್ಲಿ ಗಟ್ಟಿಯಿದ್ದ ಭಾಗ ಆರಿಸಿ, ಉಳಿದದ್ದನ್ನು ಉಗ್ರಾಣಕ್ಕೆ ಹಾಕಿ, ಕೌದಿಯಮ್ಮ ಹನ್ನೊಂದು ದಿನ ಹೊಲಿದಳು. ಒಂದೊಂದು ಹೊಲಿಗೆಗೂ ಸಮಿತಿಯ ಒಬ್ಬೊಬ್ಬರಿಗೆ ಶಾಪ ಹಾಕಿದ್ದರಿಂದ ದಾರ ಬಹಳ ಬಿಗಿಯಾಗಿ ಕೂತಿತು. ಸಮಿತಿಯ ಅಧ್ಯಕ್ಷರು ಬಂದು ಕೌದಿಯ ಮೇಲೆ ಕೈಯಾಡಿಸಿದರು. ಆಮೇಲೆ, ಯಾರೂ ಕೇಳದಿದ್ದರೂ, ತಮ್ಮ ಮಂಚದ ಉದ್ದಗಲ ಹೇಳಿದರು.

ಕೌದಿಯಮ್ಮ ಅಕ್ಕನ ಹೆಸರಿನಲ್ಲಿ ಒಂದೇ ಒಂದು ಚೀಟಿ ಕೊಂಡಳು. ಎತ್ತುವ ದಿನ ಅಧ್ಯಕ್ಷರೇ ಡಬ್ಬಕ್ಕೆ ಕೈ ಹಾಕಿದರು. ಮೊದಲ ಮೂರು ಚೀಟಿಗಳನ್ನು ಅಕ್ಷರ ದುಂಡಗಿಲ್ಲವೆಂಬ ಕಾರಣಕ್ಕೆ ತಿರಸ್ಕರಿಸಿದರು. ನಾಲ್ಕನೆಯದನ್ನು ಕೌದಿಯಮ್ಮ ಅವರ ಹೆಗಲ ಮೇಲಿಂದ ಬಗ್ಗಿ ಓದಿ, “ಒಂಬತ್ತನೇ ಮಂಚ! ನಮ್ಮಕ್ಕ!” ಎಂದು ಸಭಾಂಗಣದ ಸೂರು ಕಿತ್ತುಹೋಗುವಂತೆ ಕೂಗಿಬಿಟ್ಟಳು.

ಸಂಜೆಯೊಳಗೆ ಪ್ರಕಟಣೆ ಹೊರಬಿತ್ತು: ‘ಬಹುಮಾನವನ್ನು ಚಳಿಯುಳ್ಳವರಿಗೆ ನೀಡಿದಲ್ಲಿ ಅದು ಬಹುಮಾನವಾಗದೆ ಸಹಾಯವಾಗುತ್ತದೆ. ಆದ್ದರಿಂದ ವಿಜೇತರು ತಮಗೆ ಚಳಿಯಿಲ್ಲವೆಂದು ರುಜುವಾತುಪಡಿಸತಕ್ಕದ್ದು.’

ಪರೀಕ್ಷೆ ಸರಳವಾಗಿತ್ತು. ಕಿಟಕಿಯ ಪಕ್ಕ ಹತ್ತು ನಿಮಿಷ ಹೊದಿಕೆಯಿಲ್ಲದೆ ಕೂರಬೇಕು. ಮೈ ನಡುಗಬಾರದು, ಹಲ್ಲು ಕಟಕಟಿಸಬಾರದು. ಕಾರ್ಯದರ್ಶಿ ಸ್ವೆಟರಿನ ಮೇಲೊಂದು ಕೋಟು ಹಾಕಿಕೊಂಡು, ಗಡಿಯಾರ ಹಿಡಿದು ಎದುರು ಕೂತರು.

“ಅಕ್ಕಾ, ಹತ್ತೇ ನಿಮಿಷ. ನಡುಗಬೇಡ್ವೇ,” ಎಂದಳು ಕೌದಿಯಮ್ಮ.

“ನಾನೆಲ್ಲಿ ನಡುಗ್ತೀನೇ? ಈ ಹಾಳು ಹಲ್ಲಿನ ಸೆಟ್ಟು ನಡುಗುತ್ತೆ. ತಗೋ, ಹಿಡ್ಕೋ.”

ಅಕ್ಕ ಸೆಟ್ಟು ಕಳಚಿ ತಂಗಿಯ ಕೈಗಿಟ್ಟು, ಬೊಚ್ಚುಬಾಯಿ ಬಿಗಿದು, ಕಲ್ಲಿನಂತೆ ಕೂತಳು. ಸೆಟ್ಟು ಮಾತ್ರ ತಂಗಿಯ ಮುಷ್ಟಿಯೊಳಗೂ ಕಟಕಟ ಎನ್ನುತ್ತಿತ್ತು. ಇದನ್ನು ನೋಡಿ ಉಳಿದ ಇಪ್ಪತ್ತೊಂದು ಮುದುಕಿಯರು ಎಷ್ಟು ನಕ್ಕರೆಂದರೆ ಮಂಚಗಳೇ ಅಲುಗಿದವು. ‘ಅಲುಗಾಟವು ನಗೆಯದು, ನಡುಕದ್ದಲ್ಲ. ಇಡೀ ವಾರ್ಡಿಗೇ ಚಳಿಯಿಲ್ಲ,’ ಎಂದು ಕಾರ್ಯದರ್ಶಿ ಬರೆದುಕೊಂಡರು.

“ಗೆದ್ವಿ! ಎಲ್ಲಿ ಸಾರ್ ಕೌದಿ?” ಎಂದಳು ಕೌದಿಯಮ್ಮ.

“ಚಳಿಯೇ ಇಲ್ಲದೋರಿಗೆ ಕೌದಿ ಯಾಕಮ್ಮ?”

ಕೌದಿ ಸದ್ಯ ಅಧ್ಯಕ್ಷರ ಮನೆಯಲ್ಲಿ ಸುರಕ್ಷಿತವಾಗಿದೆ. ಅದಕ್ಕೆ ಹುಳ ಹಿಡಿಯಬಾರದೆಂದು ಅವರೇ ಖುದ್ದಾಗಿ ಅದರಡಿ ಮಲಗುತ್ತಿದ್ದಾರೆ. ಒಂದೂ ಕಂಬಳಿ ಕೊಳ್ಳದೆ ಚಳಿ ಓಡಿಸಿದ್ದಕ್ಕಾಗಿ ಸಮಿತಿಗೆ ಭರ್ಜರಿ ಸನ್ಮಾನ ನಡೆಯಿತು. ಚೀಟಿಯಿಂದ ಬಂದ ಹಣವೆಲ್ಲ ಅದಕ್ಕೆ ಸರಿಹೋಯಿತು.

ಮುದುಕಿಯರಿಗೆ ತಲಾ ಒಂದು ‘ಚಳಿಯಿಲ್ಲದ ಪ್ರಮಾಣಪತ್ರ’ ಬಂತು. ಕಾಗದವೆಲ್ಲ ಚೀಟಿಗೆ ಮುಗಿದಿದ್ದರಿಂದ ಅದನ್ನು ಉಗ್ರಾಣದಲ್ಲಿ ಬಿದ್ದಿದ್ದ ಬಟ್ಟೆಯ ಮೇಲೆ ಅಚ್ಚು ಹಾಕಿಸಿದ್ದರು. ಮೊಳದುದ್ದ, ಗೇಣಗಲ. ಅಕ್ಕ ತನ್ನದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಅಂಚಿನಲ್ಲಿ ನೀಲಿ ಪಟ್ಟೆ ಇತ್ತು.

“ಅಯ್ಯೋ, ಇದು ನಂದೇ ಹೊದಿಕೆ ಕಣೇ! ಮೇಲೊಂದು ಸಹಿ ಹಾಕಿ ವಾಪಸ್ ಕೊಟ್ಟಿದಾರೆ!”

ಕೌದಿಯಮ್ಮ ಸೂಜಿಗೆ ದಾರ ಪೋಣಿಸಿದಳು. ಮೂರು ದಿನದಲ್ಲಿ ಇಪ್ಪತ್ತೆರಡು ಪ್ರಮಾಣಪತ್ರಗಳು ಒಂದು ಕೌದಿಯಾದವು. ಎರಡು ಮಂಚ ಕೂಡಿಸಿ, ಸರದಿಯ ಮೇಲೆ ನಾಲ್ಕು ನಾಲ್ಕು ಮುದುಕಿಯರು ಅದರಡಿ ಮುದುಡಿಕೊಂಡರು.

ತಪಾಸಣೆಗೆ ಬಂದ ಕಾರ್ಯದರ್ಶಿ ಬಹಳ ಹೊತ್ತು ನೋಡಿದರು. ಎಲ್ಲಿ ನೋಡಿದರೂ ‘ಚಳಿಯಿಲ್ಲ’, ‘ಚಳಿಯಿಲ್ಲ’. ಕೆಳಗೆ ಅಧ್ಯಕ್ಷರ ಸಹಿ, ಇಪ್ಪತ್ತೆರಡು ಸಲ. ನಿಯಮ ಹನ್ನೆರಡನ್ನು ತೆಗೆದು ಓದಿದರು: ‘ಪ್ರಮಾಣಪತ್ರವನ್ನು ಸದಾ ಮೈಮೇಲೆ ಇಟ್ಟುಕೊಂಡಿರತಕ್ಕದ್ದು.’

“ಶಿಸ್ತು ಅಂದ್ರೆ ಇದು!” ಎನ್ನುವಾಗ ಅವರ ಕಣ್ಣು ತುಂಬಿ ಬಂತು.

ಅಕ್ಕ ದಿಂಬಿನಡಿಯಿಂದ ಅರ್ಜಿ ತೆಗೆದು ಕೊಟ್ಟಳು. ‘ನಮಗೆ ದಿನದಿಂದ ದಿನಕ್ಕೆ ಚಳಿ ಇನ್ನೂ ಇಲ್ಲದಂತಾಗುತ್ತಿದೆ. ಗೇಣಗಲದ ಪತ್ರದಲ್ಲಿ ಇದನ್ನು ಹೇಳಿ ಮುಗಿಸಲಾಗುವುದಿಲ್ಲ. ತಲಾ ಆರಡಿ ಪ್ರಮಾಣಪತ್ರ ದಯಪಾಲಿಸಬೇಕು.’

ಸಮಿತಿಯು ಅರ್ಜಿಯನ್ನು ಒಮ್ಮತದಿಂದ ಮಂಜೂರು ಮಾಡಿತು. ಸನ್ಮಾನದ ವೇದಿಕೆಗೆ ಕಟ್ಟಿದ್ದ ಪರದೆಗಳನ್ನು ಇದಕ್ಕಾಗಿ ಕತ್ತರಿಸಲು ಆಜ್ಞೆಯಾಯಿತು.

“ಅಕ್ಷರ ಹೇಗಿರಬೇಕಜ್ಜಿ, ದಪ್ಪಕ್ಕಾ?” ಎಂದು ಕಾರ್ಯದರ್ಶಿ ವಿನಯದಿಂದ ಕೇಳಿದರು.

“ಅಕ್ಷರ ಹೇಗಾದ್ರೂ ಇರ್ಲಿ ಕಣಪ್ಪ,” ಎಂದಳು ಅಕ್ಕ. “ಬಟ್ಟೆ ದಪ್ಪ ಇರ್ಲಿ.”