ಕೋಟಿಗೆ ಒಬ್ಬರು ಕಡಿಮೆ

ಆ ದಿನದ ಅನಾಹುತಕ್ಕೆಲ್ಲ ಕಾರಣ ಮಾವನವರ ಕಾಗದ. ಗುಮಾಸ್ತ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಹೆಂಡತಿ ಅದನ್ನು ಅವನ ಅಂಗಿಯ ಜೇಬಿಗೆ ತುರುಕಿದಳು.

"ಬಂದು ಮೂರು ದಿನ ಆಯ್ತು. ನಿಮ್ಮ ಹೆಸರಿಗೆ ಬಂದದ್ದನ್ನ ನಾನು ಒಡೆದ್ರೆ ಅಪ್ಪನಿಗೆ ಸರಿಬರಲ್ಲ. ಇವತ್ತಾದ್ರೂ ಓದಿ."

ಗುಮಾಸ್ತ ಹೂಂ ಎಂದ. ಮಾವನವರು ನಿವೃತ್ತ ಗಣಿತದ ಮೇಷ್ಟ್ರು. ಆರು ವರ್ಷದಿಂದ ಹೊರದೇಶದಲ್ಲಿ ಮಗನ ಜೊತೆ ಇದ್ದರು. ಅವರ ಕಾಗದವೆಂದರೆ ಎಂಟು ಪುಟ, ಅದರಲ್ಲಿ ಏಳು ಪುಟ ಅಳಿಯನ ತಪ್ಪುಗಳು. ಊಟದ ಹೊತ್ತಿಗೆ ನೋಡಿದರಾಯಿತು ಎಂದುಕೊಂಡು ಅವನು ಮೆಟ್ಟಿಲಿಳಿದ.

ಅವನ ಕೆಲಸ ಜನಸಂಖ್ಯಾ ಇಲಾಖೆಯಲ್ಲಿ. ಕಟ್ಟಡದ ಮುಂಗೋಡೆಯ ಮೇಲೆ ದೇಶದ ಜನಸಂಖ್ಯೆ ತೋರಿಸುವ ದೀಪದ ಫಲಕವಿತ್ತು, ಅದರ ಗುಂಡಿಗಳು ಇವನ ಮೇಜಿನ ಮೇಲಿದ್ದವು. ಜೊತೆಗೆ ಮೂರು ಫೋನು. ಕೆಂಪು ಫೋನಿನಲ್ಲಿ ಆಸ್ಪತ್ರೆಯವರು ಹುಟ್ಟಿದವರನ್ನು ಹೇಳುತ್ತಿದ್ದರು, ಕಪ್ಪು ಫೋನಿನಲ್ಲಿ ಸ್ಮಶಾನದವರು ಸತ್ತವರನ್ನು. ಹಸಿರು ಫೋನು ಬಂದರಿನದು: ದೇಶ ಬಿಟ್ಟು ಹೋದವರೆಷ್ಟು, ನೆಲೆಸಲು ಬಂದವರೆಷ್ಟು ಎಂದು ತಿಳಿಸಲು. ಅದು ದಿನಕ್ಕೆ ನಾಲ್ಕು ಸಲ ರಿಂಗಾದರೆ ಹೆಚ್ಚು. ಹನ್ನೊಂದು ವರ್ಷದಿಂದ ಅವನು ಕೂಡುತ್ತ ಕಳೆಯುತ್ತ ಅಲ್ಲೇ ಕೂತಿದ್ದ.

ಹಿಂದಿನ ಗೋಡೆಯಲ್ಲಿ ಜಗತ್ತಿನ ದೇಶಗಳ ಪಟ್ಟಿ ತೂಗುತ್ತಿತ್ತು. ಮೇಲೆ ನೂರು ಕೋಟಿ ದಾಟಿದ ಎರಡು ದೇಶಗಳು, ತೀರಾ ಕೆಳಗೆ ಹತ್ತು ಸಾವಿರ ಚಿಲ್ಲರೆ ಜನರ ದ್ವೀಪಗಳು. ತೊಟ್ಟಿಲು ಖಾಲಿಯಾಗಿ ವರ್ಷವರ್ಷವೂ ಕೆಳಗಿಳಿಯುವ ದೇಶಗಳೂ ಇದ್ದವು. ಇವರ ದೇಶ ನಡುವೆಲ್ಲೋ ಇದ್ದುಕೊಂಡು ವರ್ಷಕ್ಕೆ ನೂರಕ್ಕೆ ಒಂದರಂತೆ ಏರುತ್ತ ಬಂದು, ಇವತ್ತು ಒಂದು ಕೋಟಿ ಮುಟ್ಟುವುದಿತ್ತು. ಕೋಟಿ ತುಂಬಿಸಿದವರಿಗೆ ಸರ್ಕಾರದಿಂದ ನಾಲ್ಕು ಕೋಣೆಯ ಮನೆ.

ನಿರ್ದೇಶಕರು ಬೆಳಿಗ್ಗೆಯೇ ಎಲ್ಲರನ್ನೂ ಕರೆದು ಒಂದೊಂದು ಹಾಳೆ ಕೊಟ್ಟರು. ಮನೆಯವರಲ್ಲಿ ಯಾರಾದರೂ ಇವತ್ತು ಜನಸಂಖ್ಯೆ ಹೆಚ್ಚಿಸುವವರಿದ್ದರೆ ಬರೆಯಬೇಕು. ಬರೆದವರು ಫೋನು ಮುಟ್ಟುವಂತಿಲ್ಲ. ನಿರ್ದೇಶಕರ ಮಗಳೇ ಹೆರಿಗೆಗೆ ಆಸ್ಪತ್ರೆ ಸೇರಿದ್ದಳು. ಇಲಾಖೆಯಲ್ಲಿ ಬೆರಳಚ್ಚು ಮಾಡುವ ಅಮ್ಮನವರ ತಂಗಿಯೂ ಅಲ್ಲೇ ಇದ್ದಳು. ಗುಮಾಸ್ತ ಮಾತ್ರ "ಯಾರೂ ಇಲ್ಲ" ಎಂದು ಬರೆದು, ಎರಡು ಗೆರೆ ಎಳೆದು ಸಹಿ ಮಾಡಿದ.

ನಿರ್ದೇಶಕರು ಜೇಬಿನಿಂದ ಒಂದು ಬೀಗದ ಕೈ ತೆಗೆದು ತೋರಿಸಿದರು. ಇಲಾಖೆಯ ವಸತಿಗೃಹದ್ದು. ಎರಡು ಕೋಣೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಒತ್ತಿಕೊಂಡು ಬಾಳುತ್ತಿದ್ದ ಗುಮಾಸ್ತ ಅದಕ್ಕಾಗಿ ಹನ್ನೊಂದು ವರ್ಷ ಅರ್ಜಿ ಹಾಕಿದ್ದ.

"ಸಂಜೆ ತನಕ ಒಂದೇ ಒಂದು ತಕರಾರು ಬರಬಾರದು. ಬರಲಿಲ್ಲ ಅಂದ್ರೆ ಇದು ನಿಮ್ಮದು."

ಹತ್ತು ಗಂಟೆಗೆ ಫಲಕದಲ್ಲಿ 99,99,920 ಇತ್ತು. ಹತ್ತೂವರೆಗೆ ಗುಮಾಸ್ತನ ಪಕ್ಕದ ಮನೆಯ ದರ್ಜಿ ಕಿಟಕಿಯಲ್ಲಿ ತಲೆ ತೂರಿಸಿದ. ಅವನ ಸೊಸೆಗೆ ನೋವು ಶುರುವಾಗಿತ್ತಂತೆ, ಆದರೆ ಸಂಜೆ ಆಗುತ್ತದೆಂದು ದಾದಿ ಹೇಳಿದ್ದಳಂತೆ. ಅಲ್ಲಿಯ ತನಕ ಫಲಕವನ್ನು ಸ್ವಲ್ಪ ನಿಧಾನ ಮಾಡಲು ಆಗುತ್ತದೆಯೇ ಎಂದು ಕೇಳಿದ. ಆಗುವುದಿಲ್ಲ ಎಂದದ್ದಕ್ಕೆ, ಎಷ್ಟು ಸಲ ನಿಮ್ಮ ಅಂಗಿಗೆ ಪುಕ್ಕಟೆ ಗುಂಡಿ ಹೊಲಿದಿಲ್ಲ ಎಂದು ಲೆಕ್ಕ ಒಪ್ಪಿಸಿದ. ನಿರ್ದೇಶಕರು ಫೋನು ಮುಟ್ಟಲಿಲ್ಲ; ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹತ್ತು ನಿಮಿಷಕ್ಕೊಮ್ಮೆ ಬಂದು ಕೆಂಪು ಫೋನನ್ನು ದಿಟ್ಟಿಸಿ ಹೋದರು. ಊಟದ ಹೊತ್ತಿಗೆ ಹೊರಗೆ ಬೀದಿ ತುಂಬ ಜನ, ವಾದ್ಯದವರು, ಫೋಟೋದವರು. ಗುಮಾಸ್ತನ ಡಬ್ಬಿ ಮುಚ್ಚಿಯೇ ಉಳಿಯಿತು, ಕಾಗದವೂ.

ನಾಲ್ಕೂಮುಕ್ಕಾಲಿಗೆ ಅಂಕಿ 99,99,999ಕ್ಕೆ ಬಂದು ನಿಂತಿತು. ಕಪ್ಪು ಫೋನು ರಿಂಗಾಯಿತು: ಯಾರೋ ಅಜ್ಜ ತೀರಿಕೊಂಡಿದ್ದರು. ಒಂದು ಇಳಿಯಿತು. ಬೀದಿಯಲ್ಲಿ ಜನ ಆ ಅಜ್ಜನನ್ನು ಬೈದರು. ಇನ್ನೊಂದು ಅರ್ಧ ಗಂಟೆ ತಡೆದುಕೊಳ್ಳಬಾರದಿತ್ತೇ ಎಂದು ಒಬ್ಬರು ಹೇಳಿದ್ದು ಕಿಟಕಿಯೊಳಗೂ ಕೇಳಿಸಿತು. ಕೆಂಪು ಫೋನಿನಿಂದ ಮತ್ತೊಂದು ಏರಿತು. ಅದು ಬೆರಳಚ್ಚಿನ ಅಮ್ಮನವರ ತಂಗಿಯ ಮಗು. ಒಂದೇ ಒಂದರಲ್ಲಿ ಮನೆ ತಪ್ಪಿತೆಂದು ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮತ್ತೆ ಕಿಟಕಿಯಲ್ಲಿ ತಲೆ ತೂರಿಸಿದ್ದ ದರ್ಜಿ, ನಿರ್ದೇಶಕರು ಇಬ್ಬರೂ ಕೆಂಪು ಫೋನಿನ ಮೇಲೆ ಬಾಗಿದರು. ಇಬ್ಬರ ಮನೆಯ ಕೂಸೂ ಬಾಗಿಲಲ್ಲಿತ್ತು.

ರಿಂಗಾದದ್ದು ಹಸಿರು ಫೋನು.

ಹಡಗಿನಿಂದ ಒಬ್ಬರು ಇಳಿದಿದ್ದಾರೆ, ಖಾಯಂ ನೆಲೆಸಲು ಬಂದವರು, ಕಾಗದಪತ್ರ ಸರಿಯಾಗಿದೆ ಎಂದರು ಬಂದರಿನವರು. ಗುಮಾಸ್ತ ನಿಯಮದಂತೆ ಗುಂಡಿ ಒತ್ತಿದ. ಫಲಕದಲ್ಲಿ ಕೋಟಿ ಬೆಳಗಿತು, ವಾದ್ಯ ಮೊಳಗಿತು. ಇಲ್ಲಿಯ ತನಕ ತಕರಾರಿಲ್ಲದೆ ಸಾಗಿತಲ್ಲ ಎಂದು ಅವನಿಗೆ ಎದೆ ತುಂಬಿ ಬಂತು. ವಿಳಾಸ ಕೇಳಿಕೊಂಡು ಗಟ್ಟಿಯಾಗಿ ಹೇಳುತ್ತ ಬರೆದ: ಮಿಲ್ಲಿನ ಬೀದಿ, ಹದಿನೇಳನೇ ನಂಬರು, ಮಹಡಿ ಮನೆ.

"ಸ್ವಾಮಿ, ಅದು ನಿಮ್ಮ ಮನೆ ಅಲ್ವಾ?" ಎಂದ ದರ್ಜಿ.

ಗುಮಾಸ್ತ ಬೆವರೊರೆಸಲು ಕರವಸ್ತ್ರ ಎಳೆದ. ಅದರ ಜೊತೆಗೆ ಕಾಗದವೂ ಬಂದು ನಿರ್ದೇಶಕರ ಕಾಲ ಬಳಿ ಬಿತ್ತು. ನಿರ್ದೇಶಕರು ಒಡೆದು ಓದಿದರು. ಎಂಟನೇ ಪುಟದ ಕೊನೆಗೆ ಇತ್ತು: ಇಪ್ಪತ್ತೆರಡನೇ ತಾರೀಕು ಸಂಜೆಯ ಹಡಗಿಗೆ ಬರುತ್ತೇನೆ, ಇನ್ನು ನಿಮ್ಮ ಮನೆಯಲ್ಲೇ ಇರುವವನು, ನನ್ನನ್ನು ಕರೆದೊಯ್ಯಲು ಮರೆಯಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಇಪ್ಪತ್ತೆರಡು ಎಂದಿತ್ತು. ಮೇಜಿನ ಮೇಲೆ "ಯಾರೂ ಇಲ್ಲ" ಎಂಬುದರ ಕೆಳಗೆ ಎರಡು ಗೆರೆ ಹಾಗೇ ಇತ್ತು.

"ನಾನು ಇದನ್ನ ಓದಿರಲಿಲ್ಲ ಸಾರ್," ಎಂದ ಗುಮಾಸ್ತ. ಅದು ನಿಜ, ಲಕೋಟೆ ಒಡೆದದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು; ಆದರೆ ಮಾವ ಬರುವುದು ಅಳಿಯನಿಗೆ ಗೊತ್ತಿರಲಿಲ್ಲ ಎಂದರೆ ಯಾರೂ ನಂಬಲಿಲ್ಲ. ನಿರ್ದೇಶಕರು ಬೀಗದ ಕೈಯನ್ನು ಬೆರಳಚ್ಚಿನ ಅಮ್ಮನವರ ಮೇಜಿನ ಮೇಲಿಟ್ಟರು.

ಅವನು ಮನೆ ಸೇರಿದಾಗ ಮಾವನವರು ಕೊರಳಲ್ಲಿ ಹಾರ ಹಾಕಿಕೊಂಡು ಅವನದೇ ಕುರ್ಚಿಯಲ್ಲಿ ಕೂತಿದ್ದರು. ಮಕ್ಕಳು ಅವರ ಪೆಟ್ಟಿಗೆಗಳ ಮೇಲೆ ಕೂತಿದ್ದರು. ಗುಮಾಸ್ತನಿಗೆ ಒಂದು ಆಸೆ ಚಿಗುರಿತು: ವಸತಿಗೃಹ ಹೋದರೆ ಹೋಯಿತು, ನಾಲ್ಕು ಕೋಣೆಯ ಮನೆ ಬಂತಲ್ಲ. ಯಾವಾಗ ಸಾಮಾನು ಕಟ್ಟೋಣ ಎಂದು ಕೇಳಿಯೇ ಬಿಟ್ಟ.

"ಕಟ್ಟೋದು ಏನಕ್ಕೆ? ಅದನ್ನ ನಿಮ್ಮ ದರ್ಜಿಗೆ ಬಾಡಿಗೆಗೆ ಕೊಟ್ಟೆ. ಪಾಪ, ಮೊಮ್ಮಗ ಹುಟ್ಟಿದ್ದಾನೆ, ಜಾಗ ಸಾಲಲ್ವಂತೆ," ಎಂದರು ಮಾವನವರು. "ನಂಗೆ ಒಬ್ಬನಿಗೆ ಅಷ್ಟು ದೊಡ್ಡ ಮನೆ ಯಾಕೆ? ನಾನು ಇಲ್ಲೇ ಇರ್ತೀನಿ. ಕಾಗದದಲ್ಲಿ ಬರೆದಿದ್ನಲ್ಲ, ಓದಲಿಲ್ವಾ?"

ಆ ರಾತ್ರಿ ಗುಮಾಸ್ತ ಬಾಗಿಲ ಬಳಿ ಚಾಪೆ ಹಾಸಿಕೊಂಡು ಬಾಯಿಬಿಟ್ಟೇ ಲೆಕ್ಕ ಹಾಕಿದ. ದೇಶ ಬೆಳೆಯುವುದು ವರ್ಷಕ್ಕೆ ನೂರಕ್ಕೆ ಒಂದರಂತೆ. ಅವನ ಮನೆ ಒಂದೇ ಸಂಜೆಯಲ್ಲಿ ನೂರಕ್ಕೆ ಇಪ್ಪತ್ತೈದು ಬೆಳೆದಿತ್ತು. ಲೆಕ್ಕ ಸರಿಯಾಗಿಯೇ ಇತ್ತು; ಆದರೂ ಒಳಗಿನಿಂದ ಮಾವನವರು, ಮೇಷ್ಟ್ರ ದನಿಯಲ್ಲಿ, ಆ ಲೆಕ್ಕವನ್ನು ಇನ್ನೊಂದು ಸಲ ಹಾಕಿ ನೋಡಲು ಹೇಳಿದರು.